ಚಿತ್ರ ಸಿಗದಿದ್ದರೆ

ವೈಶಾಖದ ಎಂಬತ್ತಮೂರನೆಯ ದಿನ
ಮುಸುಕಿನ ನಂತರದ ನೂರ ಹದಿನೆಂಟನೆಯ ವರ್ಷ
ಮೊಗಮನೆ, ನೆಲಗುಡಿ

ಮಾನ್ಯ ಸು. ಹ. ಅವರಿಗೆ,

ಮೇಲಿನ ತಾರೀಖು ನೋಡಿ ಈ ಮುದುಕಿಗೆ ಎಣಿಕೆ ಬರುವುದಿಲ್ಲ ಎಂದುಕೊಳ್ಳಬೇಡಿ. ನಿಮ್ಮ ಕಾಲದಲ್ಲಿ ವೈಶಾಖಕ್ಕೆ ಮೂವತ್ತೇ ದಿನ ಇದ್ದವೆಂದು ನಾನೂ ಬಲ್ಲೆ. ಬಿಸಿಲು ಇಳಿಯುವ ತನಕ ತಿಂಗಳು ಮುಗಿಯಿತು ಎನ್ನಲು ನಮ್ಮವರಿಗೆ ಮನಸ್ಸು ಬರುವುದಿಲ್ಲ. ಹಾಗಾಗಿ ವೈಶಾಖ ಈಗ ನೂರು ದಿನದ ಆಚೀಚೆ ಹೋಗುತ್ತದೆ. ನಿಮ್ಮ ಲೆಕ್ಕದಲ್ಲಿ ಇದು ಎರಡು ಸಾವಿರದ ಮುನ್ನೂರರ ಸಮೀಪದ ಒಂದು ವರ್ಷ. ನನ್ನ ಕೆಲವು ಮಾತುಗಳು ನಿಮಗೆ ಅಪರಿಚಿತವಾಗಿ ಕೇಳಿಸಿದರೆ ಕ್ಷಮಿಸಬೇಕು. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಪುಟಗಳ ತಲೆಬರಹಗಳಿಂದ. ನಡುನಡುವೆ ಸರ್ಕಾರಿ ಪ್ರಕಟಣೆಯ ಧಾಟಿ ಬಂದರೆ ಅದಕ್ಕೆ ನಾನೊಬ್ಬಳೇ ಹೊಣೆಯಲ್ಲ.

ನನ್ನ ಹೆಸರು ಹಂಪವ್ವ. ಅರವತ್ತೆರಡು ವಯಸ್ಸು. ನೆಲಗುಡಿಯ ಮೊಗಮನೆಯಲ್ಲಿ ಮೂವತ್ತೊಂಬತ್ತು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೊಗ ಎಂದರೆ ಏನೆಂದು ನಿಮಗೆ ಹೇಳುವುದು ತುಸು ತಮಾಷೆಯೇ ಸರಿ, ಏಕೆಂದರೆ ಅದನ್ನು ಮಾಡಿದವರು ನೀವು. ನಿಮ್ಮ ಕಾಲದಲ್ಲಿ ಒಬ್ಬರು ಇನ್ನೊಬ್ಬರಿಗೆ ಯಾವುದೋ ಪುಟದ ವಿಳಾಸ ಕಳಿಸಿದರೆ, ಅದರ ಕೆಳಗೆ ಒಂದು ಪುಟ್ಟ ಚಿತ್ರ, ಒಂದು ತಲೆಬರಹ, ಎರಡು ಸಾಲು ವಿವರಣೆ ತಾವಾಗಿ ಮೂಡುತ್ತಿದ್ದವಂತೆ. ಅದೇ ಮೊಗ. ಅದರ ಹಿಂದಿದ್ದ ನಿಜವಾದ ಪುಟವನ್ನು ನಾವು ಒಡಲು ಎನ್ನುತ್ತೇವೆ. ಒಡಲುಗಳನ್ನೆಲ್ಲ ಇಟ್ಟಿದ್ದ ದೊಡ್ಡ ಯಂತ್ರದ ಮನೆಗಳನ್ನು ತಂಪಾಗಿಡಲು, ಜನ ಕುಡಿಯುವುದಕ್ಕಿಂತ ಹೆಚ್ಚು ನೀರು ಬೇಕಾದ ಒಂದು ಕಾಲ ಬಂತು. ಆಗ ಹಿರಿಯರು ಒಡಲುಗಳನ್ನು ಸಾಯಲು ಬಿಟ್ಟು ಮೊಗಗಳನ್ನು ಮಾತ್ರ ಉಳಿಸಿಕೊಂಡರು. ಆ ವರ್ಷಕ್ಕೆ ನಾವು ಮುಸುಕು ಎನ್ನುತ್ತೇವೆ. ಹೀಗೆ ನಿಮ್ಮ ಕಾಲದ ವಿಚಾರ ನಮಗೆ ಗೊತ್ತಿರುವುದೆಲ್ಲ ಮೊಗದಷ್ಟೇ. ರೋಗಗಳ ಹೆಸರು ಗೊತ್ತು, ಔಷಧ ಗೊತ್ತಿಲ್ಲ. ಸೇತುವೆಗಳ ಉದ್ಘಾಟನೆ ಗೊತ್ತು, ಕಟ್ಟುವುದು ಗೊತ್ತಿಲ್ಲ. ಮುಖ ನೋಡಿ ಮಣೆ ಹಾಕಬಾರದೆಂದು ನಮ್ಮ ಹಿರಿಯರೇ ಹೇಳುತ್ತಿದ್ದರಂತೆ. ಈಗ ನಮ್ಮ ಬಳಿ ಮುಖ ಬಿಟ್ಟರೆ ಬೇರೇನೂ ಇಲ್ಲ.

ನಮ್ಮ ದಿನಚರಿಯನ್ನೂ ಸ್ವಲ್ಪ ಹೇಳುತ್ತೇನೆ, ಇಲ್ಲದಿದ್ದರೆ ನೀರಿನ ಮಾತು ನಿಮಗೆ ಅರ್ಥವಾಗಲಿಕ್ಕಿಲ್ಲ. ನೆಲಗುಡಿಯಲ್ಲಿ ಮುನ್ನೂರ ಹತ್ತು ಮನೆಗಳಿವೆ, ಎಲ್ಲವೂ ನೆಲದೊಳಗೆ. ಸೂರ್ಯ ಎರಡಾಳೆತ್ತರ ಏರಿದ ಕೂಡಲೇ ಬೆವರುಗಂಟೆ ಬಾರಿಸುತ್ತಾರೆ. ಆಮೇಲೆ ಸಂಜೆಯ ತನಕ ಯಾರೂ ಮೇಲೆ ಇರಕೂಡದು. ಬೆಳಗಿನ ತಂಪಿನಲ್ಲಿ ಸಜ್ಜೆ ಹೊಲದ ಕೆಲಸ, ನೀರಿನ ಸರತಿ, ಮೇಕೆಗಳ ಕೆಲಸ ಎಲ್ಲ ಮುಗಿಯಬೇಕು. ಮನೆಗೆ ದಿನಕ್ಕೆ ನಾಲ್ಕು ಚೆರಿಗೆ ನೀರು. ಮೊದಲ ಚೆರಿಗೆ ಕುಡಿಯಲು, ಎರಡನೆಯದು ಅಡುಗೆಗೆ. ಮೂರನೆಯದರಲ್ಲಿ ಮೈ ಒರೆಸಿಕೊಂಡು ಅದೇ ನೀರನ್ನು ಗಿಡಕ್ಕೆ ಹಾಕುತ್ತೇವೆ. ನಾಲ್ಕನೆಯದನ್ನು ಮುಚ್ಚಿಟ್ಟು ದೇವರ ಹೆಸರು ಹೇಳುತ್ತೇವೆ, ನಾಳೆಗೆ ಏನಾಗುವುದೋ ಎಂದು. ಹೋದ ವರ್ಷದಿಂದ ನಾಲ್ಕನೆಯ ಚೆರಿಗೆ ನಿಂತುಹೋಗಿದೆ. ಈ ಸಲ ಹೋಳಿಯ ಮುಂದೆ ಮೂರನೆಯದೂ ಅರ್ಧವಾಯಿತು. ನಾನು ಯಾರನ್ನೂ ಹಳಿಯುತ್ತಿಲ್ಲ. ಬಾಯಾರಿದವರು ನೀರು ಹುಡುಕುವುದು ತಪ್ಪಲ್ಲ.

ಇನ್ನು ನಿಮ್ಮ ವಿಷಯ. ಮುಸುಕಿನ ವರ್ಷ ಲಕ್ಷಾಂತರ ಪುಟಗಳಿಂದ ಮೊಗಗಳನ್ನು ಅವಸರದಲ್ಲಿ ಕಿತ್ತು ತೆಗೆಯಬೇಕಾಯಿತು. ಆಗ ಕೈಗೆ ಸಿಕ್ಕಿದ್ದು ಹಿಂದೆ ಯಾವುದೋ ಕಚೇರಿಗಾಗಿ ನೀವು ಬರೆದ ನಲವತ್ತಾರು ಸಾಲಿನ ಕೋಡ್. ಅದನ್ನು ನಮ್ಮ ಮೊಗಮನೆಯ ಗೋಡೆಯಲ್ಲಿ ತಾಮ್ರದ ಹಾಳೆಯ ಮೇಲೆ ಕೊರೆದು ನಿಲ್ಲಿಸಿದ್ದಾರೆ. ಹೊಸದಾಗಿ ಕೆಲಸಕ್ಕೆ ಸೇರಿದವರು ಅದನ್ನು ಬಾಯಿಪಾಠ ಮಾಡಬೇಕು. ಪುಟಕ್ಕೆ ಹೋಗು. ಕಣ್ಣಿಗೆ ಕಾಣದ ಅದರ ತಲೆಯ ಭಾಗವನ್ನು ಓದು. ಅಲ್ಲಿ ಓಜಿ ಇಮೇಜ್ ಎಂಬ ಹಣೆಪಟ್ಟಿ ಇದ್ದರೆ, ಅದರಲ್ಲಿ ಬರೆದ ವಿಳಾಸದಿಂದ ಚಿತ್ರ ತಾ. ಇಲ್ಲದಿದ್ದರೆ ಪುಟದೊಳಗಿನ ಮೊದಲ ದೊಡ್ಡ ಚಿತ್ರ ತಾ. ಅದೂ ಇಲ್ಲದಿದ್ದರೆ, ಅಥವಾ ತರುವಾಗ ಏನಾದರೂ ತೊಡಕಾದರೆ, ಬದಲಿ ಚಿತ್ರ ಹಾಕು. ಆ ಸಾಲಿನ ಪಕ್ಕದಲ್ಲಿ ನೀವು ಯಂತ್ರಕ್ಕಲ್ಲದೆ ಮನುಷ್ಯರಿಗಾಗಿ ಒಂದು ಮಾತು ಬರೆದಿದ್ದೀರಿ: “ಚಿತ್ರ ಸಿಗದಿದ್ದರೆ ಸದ್ಯಕ್ಕೆ ಇದೇ ಇರಲಿ. ಆಮೇಲೆ ನೋಡೋಣ. ಸು. ಹ.” ನಾವು ಪ್ರತಿದಿನ ಕೆಲಸ ಆರಂಭಿಸುವಾಗ ಎಲ್ಲರೂ ನಿಂತು ಹಾಳೆಯನ್ನು ಒಪ್ಪಿಸಿ, ಕೊನೆಗೆ ಕೈಮುಗಿದು “ಆಮೇಲೆ ನೋಡೋಣ” ಎನ್ನುತ್ತೇವೆ. ಮದುವೆಯಲ್ಲೂ ಸಾವಿನಲ್ಲೂ ಅದನ್ನೇ ಹೇಳುತ್ತೇವೆ. ನಿಮಗೆ ನಗು ಬಂದರೆ ನಗಿ.

ಬದಲಿ ಚಿತ್ರದಲ್ಲಿ ಸುಮಾರು ಏಳು ವರ್ಷದ ಒಬ್ಬ ಹುಡುಗಿ ಇದ್ದಾಳೆ. ನಲ್ಲಿಯ ಕೆಳಗೆ ಬೊಗಸೆಯೊಡ್ಡಿ ನೀರು ಕುಡಿಯುತ್ತಾ ತಲೆಯೆತ್ತಿ ನೋಡಿ ನಗುತ್ತಿದ್ದಾಳೆ. ಮುಂದಿನ ಒಂದು ಹಲ್ಲು ಬಿದ್ದಿದೆ. ಗಲ್ಲದಿಂದ ನೀರು ಸೋರಿ ಅಂಗಿ ತೊಯ್ದಿದೆ. ನಮ್ಮಲ್ಲಿ ಅವಳಿಗೆ ಬೊಗಸೆವ್ವ ಎನ್ನುತ್ತಾರೆ. ನೀರಿನ ಜಾಗದಲ್ಲೆಲ್ಲ ಅವಳ ಮೂರ್ತಿ ಇದೆ. ಹೊಸ ನೀರು ತೆರೆದಾಗ ಮುಂದಿನ ಹಲ್ಲು ಬಿದ್ದ ಒಬ್ಬ ಹುಡುಗಿ ಮೊದಲ ಬೊಗಸೆ ಕುಡಿಯಬೇಕು, ಆಮೇಲೆ ಊರು ಕುಡಿಯುತ್ತದೆ. ತಾಮ್ರದ ಹಾಳೆಯಲ್ಲಿ ಆ ಚಿತ್ರಕ್ಕೆ ನೀವಿಟ್ಟ ಹೆಸರನ್ನು ಎಲ್ಲರೂ ಮಂತ್ರವೆಂದು ಉಚ್ಚರಿಸುತ್ತಾರೆ, ಅರ್ಥ ಯಾರೂ ಕೇಳಿದ್ದಿಲ್ಲ. ನನಗೆ ಕೆಲಸ ಕಲಿಸಿದ ಇಮಾಂಬಿ ಅಜ್ಜಿ ಒಬ್ಬಳೇ ಕೇಳಿದ್ದಳು. ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಓದಿದರೆ ಅಲ್ಲಿರುವುದು “ನಮ್ಮ ಪುಟ್ಟಿ” ಎಂದು ಅವಳೇ ನನಗೆ ಹೇಳಿದಳು. ಅವಳು ನಿಮ್ಮ ಮಗಳಿರಬೇಕು, ಸು. ಹ. ಅವರೇ. ಕೋಡ್ ಸರಿಯಾಗಿ ಓಡುತ್ತದೋ ಇಲ್ಲವೋ ನೋಡಲು ಒಂದು ಚಿತ್ರ ಬೇಕಿತ್ತು, ಕೈಗೆ ಸಿಕ್ಕ ಮಗಳ ಚಿತ್ರ ಇಟ್ಟಿರಿ, ತೆಗೆಯಲು ಮರೆತಿರಿ. ನಾನು ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ನಿಮ್ಮ ಕಾಲದಲ್ಲಿ ಇದರಿಂದ ಯಾರಿಗೂ ಕೇಡಾಗಿರಲಿಕ್ಕಿಲ್ಲ. ಚಿತ್ರ ತಪ್ಪಿದ್ದರೂ ಜನ ಅದನ್ನು ಒತ್ತಿ ಒಳಗೆ ಹೋಗಿ ಪುಟ ಓದುತ್ತಿದ್ದರು. ಓದುತ್ತಿದ್ದರು ತಾನೆ? ಇಮಾಂಬಿ ಅಜ್ಜಿ ಮಾತ್ರ ಅದನ್ನು ನಂಬುತ್ತಿರಲಿಲ್ಲ. “ಒಳಗ ಹೋಗಿ ಓದೋ ಮಂದಿ ಆಗಿದ್ರ ಒಡಲಾ ಸಾಯಾಕ ಬಿಡ್ತಿದ್ರೇನ ಹಂಪಿ” ಎನ್ನುತ್ತಿದ್ದಳು.

ನೆಲಗುಡಿಯಿಂದ ಒಂದು ಬೆಳಗಿನ ನಡಿಗೆಯಷ್ಟು ದೂರದಲ್ಲಿ ಕರೇಮಡು ಎಂಬ ನೀರಿನ ಜಾಗವಿದೆ, ಹಿಂದೆ ಅದೊಂದು ಗಣಿಯಾಗಿತ್ತಂತೆ. ಸುತ್ತಲೂ ನಿಮ್ಮ ಕಾಲದವರು ಕಟ್ಟಿದ ದಪ್ಪ ಒಡ್ಡು, ಅದಕ್ಕೊಂದು ಸಿಮೆಂಟಿನ ಮುಚ್ಚಿದ ಬಾಗಿಲು. ಒಳಗಿನ ನೀರು ಎಷ್ಟು ತಿಳಿಯಾಗಿದೆಯೆಂದರೆ ತಳದ ಕಲ್ಲು ಎಣಿಸಬಹುದು. ಒಂದು ಮೀನಿಲ್ಲ, ಒಂದು ಪಾಚಿಯ ಎಳೆಯಿಲ್ಲ, ಹಕ್ಕಿಗಳೂ ಇಳಿಯುವುದಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಅಜ್ಜ ಮುತ್ತಜ್ಜಂದಿರು ಅತ್ತ ಹೋಗುತ್ತಿರಲಿಲ್ಲ. ಈ ಬೇಸಿಗೆ ಊರ ಹಿರಿಯ ಫಕೀರಪ್ಪ ಮೊಗಮನೆಗೆ ಬಂದು ಕರೇಮಡುವಿನ ಮೊಗವಿದ್ದರೆ ಹುಡುಕಿಕೊಡಿ ಎಂದ. ಹುಡುಕಿ ಕೊಟ್ಟವಳು ನಾನೇ. ತಲೆಬರಹ, “ಕರೇಮಡುವಿನ ನೀರು: ಸಾರ್ವಜನಿಕರ ಗಮನಕ್ಕೆ.” ವಿವರಣೆ, ಆ ಪುಟ ಮಾಡಿದ ಕಚೇರಿಯ ಎಲ್ಲ ಪುಟಗಳಲ್ಲೂ ಇದ್ದ ಒಂದೇ ಮಾತು, “ಜನರ ಸೇವೆಯೇ ನಮ್ಮ ಧ್ಯೇಯ.” ಮೇಲೆ ಬೊಗಸೆಯಲ್ಲಿ ನೀರು ಕುಡಿದು ನಗುತ್ತಿರುವ ಬೊಗಸೆವ್ವ. ಫಕೀರಪ್ಪನ ಕಣ್ಣಲ್ಲಿ ನೀರು ಬಂತು. “ಅಕ್ಕಾರ, ಇಷ್ಟ ದಿನ ನಮ್ಮವ್ವ ಕೈಮಾಡಿ ಕರ್ಯಾಕತ್ತಿದ್ಲು, ನಾವು ಕುರುಡರು” ಎಂದ. ಆ ಗಳಿಗೆಯಲ್ಲಿ ನನಗೂ ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ.

ಮೊಗಕ್ಕೆ ಬೆನ್ನು ಎಂಬುದೊಂದಿದೆ. ಮೊಗ ತೆಗೆಯುವಾಗ ಏನೇನು ನಡೆಯಿತೆಂದು ಕೋಡ್ ಅಲ್ಲಿ ಒಂದೆರಡು ಸಾಲು ಗುರುತು ಹಾಕಿರುತ್ತದೆ. ಬೆನ್ನು ಓದುವುದು ನಮ್ಮಲ್ಲಿ ಅಷ್ಟು ಮರ್ಯಾದೆಯ ಕೆಲಸವಲ್ಲ, ದೇವರ ಮೂರ್ತಿಯ ಹಿಂದೆ ಹೋಗಿ ನೋಡುವಂತೆ. ಆದರೆ ಇಮಾಂಬಿ ಅಜ್ಜಿ ನನಗೆ ಅದನ್ನು ಕಲಿಸಿದ್ದಳು. ಫಕೀರಪ್ಪ ಹೋದ ಮೇಲೆ ನಾನು ಕರೇಮಡುವಿನ ಬೆನ್ನು ತೆಗೆದೆ. ಅಲ್ಲಿ ಹೀಗಿತ್ತು: ಹಣೆಪಟ್ಟಿ ಸಿಕ್ಕಿತು; ಚಿತ್ರದ ವಿಳಾಸ ಅರ್ಧ ಮಾತ್ರ ಇದೆ; ತರಲಾಗಲಿಲ್ಲ; ಬದಲಿ ಹಾಕಿದೆ. ಆ ಅರ್ಧ ವಿಳಾಸವೂ ಅಲ್ಲೇ ಇತ್ತು. ಪುಟ ಮಾಡಿದವರು ಚಿತ್ರವಿರುವ ಬೀದಿಯನ್ನು ಬರೆದಿದ್ದರು, ಊರಿನ ಹೆಸರನ್ನು ಬರೆದಿರಲಿಲ್ಲ. ಪುಟದ ವಿಳಾಸದಿಂದ ಊರಿನ ಹೆಸರು ತೆಗೆದು ಇದಕ್ಕೆ ಅಂಟಿಸಿದ್ದರೆ ಚಿತ್ರ ಸಿಗುತ್ತಿತ್ತು. ಒಂದು ಸಾಲಿನ ಕೆಲಸ. ಆ ಸಾಲು ನಿಮ್ಮ ನಲವತ್ತಾರರಲ್ಲಿ ಇಲ್ಲ. ಸಿಗಬೇಕಾಗಿದ್ದ ಚಿತ್ರದ ಹೆಸರು “ವಿಷ ಫಲಕ ಕೆಂಪು” ಎಂದಿತ್ತು.

ನಾನು ಆ ಬೆನ್ನನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ. ಮುಂದಿನ ನಾಲ್ಕು ದಿನ ಊಟಕ್ಕೂ ಏಳದೆ ನಮ್ಮಲ್ಲಿರುವ ಹನ್ನೊಂದು ಸಾವಿರ ಮೊಗಗಳನ್ನು ತಿರುವಿ ಹಾಕಿದೆ. ಬೊಗಸೆವ್ವ ಎರಡು ಸಾವಿರದ ಮುನ್ನೂರು ಮೊಗಗಳಲ್ಲಿ ಇದ್ದಳು. ರಸ್ತೆ ದುರಸ್ತಿಯ ಮೇಲೆ ಇದ್ದಳು. ಹಂದಿ ಹಿಡಿಯುವ ಟೆಂಡರಿನ ಮೇಲೆ ಇದ್ದಳು. ನೌಕರರ ವರ್ಗಾವಣೆಯ ಪಟ್ಟಿ, ಶವಾಗಾರದ ವೇಳೆಯ ಬದಲಾವಣೆ, ಎಲ್ಲದರ ಮೇಲೂ ಅದೇ ನಗು, ಅದೇ ತೊಯ್ದ ಅಂಗಿ. ಅಷ್ಟನ್ನೂ ಒಂದು ಪಟ್ಟಿ ಮಾಡಿಕೊಂಡು ಹಿರಿಯರ ಸಭೆಗೆ ಹೋದೆ. ಈ ಹುಡುಗಿ ಯಾವುದಕ್ಕೂ ಸಾಕ್ಷಿಯಲ್ಲ, ಚಿತ್ರ ಇಲ್ಲದ ಕಡೆ ಕೂರಿಸಿದ ಬದಲಿ ಅಷ್ಟೇ ಎಂದು ಹೇಳಿದೆ. ಫಕೀರಪ್ಪ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡ. “ನೋಡ್ರಿ ಮತ್ತ, ಎಲ್ಲಾ ಕಡೆ ಅಕಿನ ಅದಾಳ. ಎರಡು ಸಾವಿರ ಕಡೆ ಸುಳ್ಳ ಹೇಳ್ತಾಳೇನ್ರಿ ಯಾರರ?” ಎಂದ. ಸಭೆ ತಲೆದೂಗಿತು. ಕೆಂಪು ಫಲಕದ ಹೆಸರನ್ನು ತೋರಿಸಿದೆ. “ಅಕ್ಕಾರ, ಹೆಸರು ಓದಿ ನಂಬೂದಲ್ಲ, ಮೊಗ ನೋಡಿ ನಂಬೂದು. ನಮಗಿದನ್ನ ಕಲಿಸಿದವರು ನೀವ” ಎಂದ. ಅದು ನಿಜ. ಮೂವತ್ತೊಂಬತ್ತು ವರ್ಷ ಊರ ಮಕ್ಕಳಿಗೆ ಅದನ್ನೇ ಕಲಿಸಿದ್ದೇನೆ. ಅವನು ಕೆಟ್ಟವನಲ್ಲ. ತನ್ನ ಮನೆಯ ಮೂರನೆಯ ಚೆರಿಗೆಯನ್ನು ಬಾಣಂತಿಯರಿಗೆ ಕೊಟ್ಟುಬಿಡುವ ಮನುಷ್ಯ.

ಆ ಸಭೆಯಲ್ಲೇ ಮೊದಲ ಬೊಗಸೆ ಯಾರು ಕುಡಿಯಬೇಕೆಂದು ನೋಡಿದರು. ಈ ವರ್ಷ ಊರಲ್ಲಿ ಮುಂದಿನ ಹಲ್ಲು ಬಿದ್ದ ಹುಡುಗಿ ಒಬ್ಬಳೇ, ನನ್ನ ಮೊಮ್ಮಗಳು ನಿಂಬೆವ್ವ. ಅವಳ ತಾಯಿ, ಎಂದರೆ ನನ್ನ ಮಗಳು, ಹೆರಿಗೆಯಲ್ಲೇ ಹೋದಳು. ಅಂದಿನಿಂದ ಆ ಮಗು ನನ್ನ ಮಗ್ಗುಲಲ್ಲೇ ಬೆಳೆದಿದೆ. ಹಲ್ಲು ಬಿದ್ದ ದಿನ ಅದನ್ನು ಅಂಗೈಯಲ್ಲಿಟ್ಟುಕೊಂಡು ಓಣಿಯೆಲ್ಲ ತಿರುಗಿ ತೋರಿಸಿ ಬಂದಿದ್ದಳು. ಈಗ ದಿನವೂ ಸಜ್ಜೆ ಕಾಳು ತುಂಬಿಕೊಂಡು ಬೊಗಸೆ ಹಿಡಿಯುವುದನ್ನು ಅಭ್ಯಾಸ ಮಾಡುತ್ತಾಳೆ. “ಒಂದು ಕಾಳೂ ಸೋರಂಗಿಲ್ಲ ನೋಡ ಅಜ್ಜಿ” ಎನ್ನುತ್ತಾಳೆ. ಆಗ ನನಗೆ ನಿಮ್ಮ ಮೇಲೆ ಬರುವ ಸಿಟ್ಟನ್ನು ಇಲ್ಲಿ ಬರೆಯಲಾರೆ.

ಬೇರೆ ದಾರಿ ಕಾಣದೆ ನಾನೊಂದು ಕೆಲಸ ಮಾಡಿದೆ. ಮೊಗ ನೋಡಿಯೇ ನಂಬುವವರಿಗೆ ನನ್ನ ಮೊಗವನ್ನೇ ತೋರಿಸುತ್ತೇನೆ ಎಂದುಕೊಂಡೆ. ಒಡ್ಡಿನ ಬಿರುಕಿನಲ್ಲಿ ಜಿನುಗುವ ಕರೇಮಡುವಿನ ನೀರನ್ನು ಹಿರಿಯರೆಲ್ಲರ ಎದುರಿಗೆ ಬೊಗಸೆ ತುಂಬ ಕುಡಿದೆ. “ಬಾಗಿಲಾ ತಗ್ಯಾಕ ಇನ್ನ ಹನ್ನೆರಡು ದಿನ ಐತಿ. ಅಷ್ಟರಾಗ ನನಗೇನರ ಆತಂದ್ರ ಕೈಬಿಡ್ರಿ” ಎಂದೆ. ಫಕೀರಪ್ಪ ಒಪ್ಪಿಕೊಂಡ. ಸಾಯುವುದಕ್ಕೆ ನಾನು ತಯಾರಾಗಿಯೇ ಇದ್ದೆ. ಮಡಿಕೆ, ಕೌದಿ ಎಲ್ಲ ಯಾರಿಗೆಂದು ಹೇಳಿಟ್ಟೆ.

ಹತ್ತನೆಯ ದಿನ, ಸುಮ್ಮನೆ ಕೂರಲಾಗದೆ, ಅಂದು ಅವಸರದಲ್ಲಿ ತಿರುವಿ ಹಾಕಿದ್ದ ಮೊಗಗಳನ್ನು ಮತ್ತೆ ನೋಡುತ್ತಿದ್ದಾಗ ಒಂದು ಸಿಕ್ಕಿತು. “ನಿಧಾನವಾಗಿ ಕೊಲ್ಲುವ ಗಣಿ ನೀರು: ಹತ್ತು ವರ್ಷಗಳ ಅಧ್ಯಯನ.” ಒಡಲು ಇಲ್ಲ. ಮೇಲೆ ಬೊಗಸೆವ್ವ ನಗುತ್ತಿದ್ದಳು. ಹತ್ತು ವರ್ಷ ಎಂಬುದನ್ನು ಓದಿದ ಮೇಲೆ ತಿಳಿಯಿತು, ಹನ್ನೆರಡು ದಿನದಲ್ಲಿ ಆ ನೀರು ನನ್ನನ್ನು ಕೊಲ್ಲುವುದಿಲ್ಲ.

ಇಂದು ಹನ್ನೆರಡನೆಯ ದಿನ. ನಾನು ಗಟ್ಟಿಮುಟ್ಟಾಗಿದ್ದೇನೆ. ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ, ಮೊಣಕಾಲು ನೋವು ಕೂಡ ಸ್ವಲ್ಪ ಕಡಿಮೆ ಎನ್ನಿಸುತ್ತದೆ. ಜೀವನದಲ್ಲಿ ನನ್ನ ಆರೋಗ್ಯ ಕಂಡು ನಾನೇ ಹೆದರಿದ್ದು ಇದೇ ಮೊದಲು. ಊರವರು ಬಂದು ನನ್ನ ಕೈ ಮುಟ್ಟಿ ನೋಡಿ ಹೋಗುತ್ತಿದ್ದಾರೆ. ಇಂದು ಬೆಳಗ್ಗೆ ಫಕೀರಪ್ಪ ಚಿತ್ರದ ಪೆಟ್ಟಿಗೆ ತಂದು ನನ್ನ ಚಿತ್ರ ತೆಗೆದ. ನಗಬೇಡವೆಂದುಕೊಂಡೆ, ಆದರೆ ಪಕ್ಕದಲ್ಲಿ ನಿಂಬೆವ್ವ ಏನೋ ಮಂಗಾಟ ಮಾಡಿದಳು, ನಕ್ಕುಬಿಟ್ಟೆ. ನಮ್ಮಲ್ಲಿ ಯಾವುದೇ ಹೊಸ ನೀರನ್ನು ತೆರೆಯುವ ಮುನ್ನ ಅದರ ಮೊಗವನ್ನು ಹಾಳೆಗಾಜಿನ ಮೇಲೆ ಮೂಡಿಸಿ ಬಾಗಿಲಿಗೆ ತೂಗುಹಾಕಬೇಕು. ಮೊಗ ತೂಗದೆ ಬಾಗಿಲು ತೆರೆಯುವಂತಿಲ್ಲ. ಈಗ ಸಭೆಯ ಅಪ್ಪಣೆಯಾಗಿದೆ, ಕರೇಮಡುವಿನ ಮೊಗದಲ್ಲಿ ಬೊಗಸೆವ್ವನ ಜೊತೆ ಹಂಪವ್ವನೂ ಇರಬೇಕೆಂದು. ನಾನು ಹೋದ ಮೇಲೆ ನೂರು ವರ್ಷ ನನ್ನ ನಗು ಅಲ್ಲಿ ನಿಂತು ಮಂದಿಯನ್ನು ಕರೆಯುತ್ತಿರುತ್ತದೆ. ನಿಮ್ಮ ಪುಟ್ಟಿಗೆ ಏನಾಯಿತೋ ನನಗೂ ಅದೇ ಆಗುತ್ತಿದೆ. ಅವಳೂ ಪಾಪ ಸುಮ್ಮನೆ ನೀರು ಕುಡಿಯುತ್ತಿದ್ದಳು.

ಈ ಕಾಗದ ನಿಮಗೆ ತಲುಪುವುದಿಲ್ಲ ಎಂದು ನನಗೆ ಗೊತ್ತು. ಮೊಗಮನೆಯವರು ಆಯುಷ್ಯದಲ್ಲಿ ಒಮ್ಮೆ ಸು. ಹ. ಅವರಿಗೆ ಒಂದು ಕಾಗದ ಬರೆದು ತಾಮ್ರದ ಹಾಳೆಯ ಹಿಂದಿನ ಸಂದಿಯಲ್ಲಿ ಇಡುವುದು ಇಲ್ಲಿನ ಪದ್ಧತಿ. ಇಮಾಂಬಿ ಅಜ್ಜಿಯದೂ ಅಲ್ಲಿದೆ. ಚಿತ್ರಗಳು ಇನ್ನಷ್ಟು ದೊಡ್ಡದಾಗಿದ್ದರೆ ವಯಸ್ಸಾದವರಿಗೆ ಅನುಕೂಲವಾಗುತ್ತಿತ್ತು ಎಂದು ಅವಳು ಬರೆದಿದ್ದಾಳೆ. ನನ್ನ ಬೇಡಿಕೆಯೂ ಒಂದೇ. ಹೇಗಾದರೂ ಇದು ನಿಮ್ಮ ಕೈ ಸೇರಿದರೆ, ಇಂದೇ ಆ ಸಾಲಿಗೆ ಹಿಂತಿರುಗಿ ಹೋಗಿ. ಅರ್ಧ ವಿಳಾಸಕ್ಕೆ ಊರಿನ ಹೆಸರು ಅಂಟಿಸಿ. ಆಗಲೂ ಚಿತ್ರ ಸಿಗದಿದ್ದರೆ ಏನನ್ನೂ ಹಾಕಬೇಡಿ, ಖಾಲಿ ಬಿಡಿ. ಮಗಳ ಚಿತ್ರವನ್ನು ಮನೆಯ ಗೋಡೆಗೆ ಹಾಕಿಕೊಳ್ಳಿ. ಅವಳು ಚೆಂದ ಇದ್ದಾಳೆ.

ನೀವು ಮಾಡುತ್ತೀರೆಂದು ಕಾದು ಕೂರಲು ನನಗೆ ಸಮಯವಿಲ್ಲ. ಆದ್ದರಿಂದ ಬೆವರುಗಂಟೆ ಬಾರಿಸಿದ ಮೇಲೆ, ಎಲ್ಲರೂ ಒಳಗೆ ಮಲಗಿರುವ ಈ ಮಧ್ಯಾಹ್ನ, ಆ ಕೆಲಸವನ್ನು ನಾನೇ ಮಾಡಿದ್ದೇನೆ. ಹಾಳೆಗಾಜಿನ ಮೇಲೆ ಕರೇಮಡುವಿನ ತಲೆಬರಹ ಮೂಡಿಸಿದೆ. ಚಿತ್ರದ ಜಾಗದಲ್ಲಿ ನಿಮ್ಮ ಪುಟ್ಟಿಯನ್ನೂ ಇಡಲಿಲ್ಲ, ನನ್ನನ್ನೂ ಇಡಲಿಲ್ಲ. ಕಪ್ಪಗೆ, ಬರಿದಾಗಿ ಬಿಟ್ಟಿದ್ದೇನೆ. ನಾಳೆ ಬೆಳಗ್ಗೆ ಅದನ್ನೇ ಬಾಗಿಲಿಗೆ ತೂಗುತ್ತೇನೆ. ಖಾಲಿ ಮೊಗವನ್ನು ನಮ್ಮ ಊರಲ್ಲಿ ಯಾರೂ ಕಂಡಿಲ್ಲ. ಕಂಡು ಸಿಟ್ಟಾಗಬಹುದು, ನನ್ನನ್ನು ಹೊರಗೆ ಹಾಕಿ ಬೇರೆ ಮೊಗ ಮಾಡಿಸಬಹುದು. ಹೆದರಿ ಹಿಂದೆ ಸರಿಯಲೂಬಹುದು. ಏನಾಗುತ್ತದೋ ನನಗೆ ತಿಳಿಯದು.

ಇಷ್ಟು ಬರೆಯುವಾಗ ನಿಂಬೆವ್ವ ಎದ್ದು ಬಂದಳು, ಬೊಗಸೆಯಲ್ಲಿ ಸಜ್ಜೆ ಕಾಳು ಹಾಗೇ ಇತ್ತು. ಹಾಳೆಗಾಜಿನ ಮುಂದೆ ನಿಂತು ನೋಡಿದಳು. ಆಮೇಲೆ, “ಅಜ್ಜಿ, ಇದರಾಗ ಯಾರೂ ಇಲ್ಲಲ್ಲ. ಆ ನೀರು ಕುಡಿಯೂದೋ ಬಿಡೂದೋ ನಮಗ ಹೆಂಗ ಗೊತ್ತಾಗಬೇಕು?” ಎಂದು ಕೇಳಿದಳು.

ನೂರ ಹದಿನೆಂಟು ವರ್ಷಗಳಲ್ಲಿ ಈ ಊರಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಕೇಳಿದವಳು ತಾನೇ ಬೊಗಸೆ ಬಿಚ್ಚಿ, ಅಭ್ಯಾಸದ ಕಾಳನ್ನೆಲ್ಲ ಮೊರಕ್ಕೆ ಸುರಿದಳು.

ನೀವು ಹೇಳಿದ ಆ “ಆಮೇಲೆ” ನಾಳೆ ಬೆಳಗ್ಗೆ ಬರುತ್ತದೆ, ಸು. ಹ. ಅವರೇ. ನಾವು ನೋಡುತ್ತೇವೆ.

ಇತಿ,
ಹಂಪವ್ವ, ಮೊಗಮನೆ